ಮಣ್ಣಿನ ಸ್ನಾನ: ಅಲ್ಲಿ ಬಿಸಿ, ಇಲ್ಲಿ ತಣ್ಣಗೆ. ದಾರಿ ಬೇರೆಯಾದದ್ದು ಎಲ್ಲಿ?

ಹಾದಿಬದಿ

ಇಟಲಿಯ ಆಬಾನೊ, ಸ್ಲೊವಾಕಿಯಾದ ಪಿಯೆಷ್ಟ್ಯಾನಿ, ಜೆಕ್ ನಾಡಿನ ಫ್ರಾಂಟಿಷ್ಕೊವಿ ಲಾಜ್ನಿ, ಎಲ್ಲಿ ನೋಡಿದರೂ ಮಣ್ಣು ಬಿಸಿಯಾಗಿರುತ್ತದೆ. ನಮ್ಮ ಪ್ರಕೃತಿ ಚಿಕಿತ್ಸಾಲಯಗಳಲ್ಲಿ ಮಾತ್ರ ರಾತ್ರಿಯಿಡೀ ನೆನೆಸಿಟ್ಟ ತಣ್ಣನೆಯ ಮಣ್ಣು. ರೆಸಾರ್ಟ್‌ನವರ ಜಾಹೀರಾತು ನೋಡಿದರೆ ಎರಡೂ ಒಂದೇ, ಎರಡಕ್ಕೂ "ಸಾವಿರಾರು ವರ್ಷಗಳ ಪರಂಪರೆ". ಯಾವುದು ಎಲ್ಲಿಂದ ಬಂತು, ಯಾಕೆ ಹಾಗೆ ಮಾಡುತ್ತಾರೆ ಎಂದು ಗೊತ್ತಿದ್ದವರು ಬಿಡಿಸಿ ಬರೆಯಿರಿ. ಅಳತೆ, ಉಷ್ಣಾಂಶ, ಹೊತ್ತು ಎಲ್ಲ ಇರಲಿ. ಕ್ಲಿಯೋಪಾತ್ರಳ ಕಥೆ ಬೇಡ, ಅದು ಎಲ್ಲರಿಗೂ ಬಾಯಿಪಾಠ.

ಬಿಸಿಬುಗ್ಗೆ

ಆಬಾನೊದಿಂದಲೇ ಶುರು ಮಾಡೋಣ. ಪಡುವಾ ಊರಿನ ಪಕ್ಕ, ಯುಗೇನಿಯನ್ ಗುಡ್ಡಗಳ ಬುಡದಲ್ಲಿ ಆಬಾನೊ ಮತ್ತು ಮೊಂತೆಗ್ರೊತ್ತೊ ಇವೆ. ಅಲ್ಲಿ ನೆಲದಿಂದ ಬರುವ ಉಪ್ಪುನೀರು 80 ಡಿಗ್ರಿ ದಾಟಿರುತ್ತದೆ. ಇದೇ ಪಡುವಾ ಸೀಮೆಯ ಬುಗ್ಗೆಗಳು ರೋಮನರಿಗೆ ಚೆನ್ನಾಗಿ ಗೊತ್ತಿದ್ದವು. 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ ಬುಗ್ಗೆಗಳ ಕೆಸರಿನ ಬಗ್ಗೆ ಒಂದು ಮಾತು ಬರೆದಿಟ್ಟಿದ್ದಾನೆ: ಕೆಸರು ಗುಣ ಕೊಡುತ್ತದೆ, ಆದರೆ ಬಳಿದ ಮೇಲೆ ಅದು ಬಿಸಿಲಿನಲ್ಲಿ ಒಣಗಬೇಕು. ಅಂದರೆ ಅವನ ಕಾಲದ ಪದ್ಧತಿ ಇವತ್ತಿನ ಆಬಾನೊ ಪದ್ಧತಿಯಲ್ಲ. ಈಗ ಅಲ್ಲಿ ಮಣ್ಣು ಒಣಗಲು ಬಿಡುವುದೇ ಇಲ್ಲ. 'ಪರಂಪರೆ' ಎನ್ನುವವರು ಇದನ್ನು ಗಮನಿಸಬೇಕು, ಊರು ಹಳೆಯದಾದ ಮಾತ್ರಕ್ಕೆ ವಿಧಾನವೂ ಹಳೆಯದಾಗುವುದಿಲ್ಲ. 14–15ನೇ ಶತಮಾನದಲ್ಲಿ ಜೊವಾನಿ ದೊಂದಿ, ಮಿಕೇಲೆ ಸವೊನರೋಲಾ ಎಂಬ ವೈದ್ಯರು ಈ ಬಿಸಿನೀರಿನ ಬಗ್ಗೆ ಗ್ರಂಥಗಳನ್ನೇ ಬರೆದರು.

ಈಗಿನ ವಿಧಾನ ಹೀಗಿದೆ. ಗುಡ್ಡಗಳ ನಡುವಿನ ಪುಟ್ಟ ಕೆರೆಯ ತಳದಿಂದ ನುಣುಪು ಜೇಡಿ ತರುತ್ತಾರೆ. ತಂದ ದಿನವೇ ಬಳಸುವಂತಿಲ್ಲ. ತೊಟ್ಟಿಯಲ್ಲಿ ಹಾಕಿ, ಮೇಲೆ ಬಿಸಿ ಖನಿಜ ನೀರು ಹರಿಯುತ್ತಲೇ ಇರುವಂತೆ ಮಾಡಿ 50–60 ದಿನ ಬಿಡುತ್ತಾರೆ. ಇದನ್ನು 'ಮಾಗಿಸುವುದು' ಎನ್ನುತ್ತಾರೆ. ಆ ಅವಧಿಯಲ್ಲಿ ಮೇಲ್ಪದರದಲ್ಲಿ ಬಿಸಿ ತಾಳಬಲ್ಲ ನೀಲಿ-ಹಸಿರು ಪಾಚಿ ಬೆಳೆಯುತ್ತದೆ. ಅಲ್ಲಿನ ಸಂಶೋಧಕರು ಇದರಿಂದ ಕೆಲವು ಕೊಬ್ಬಿನಂಶಗಳನ್ನು ಬೇರ್ಪಡಿಸಿ, ಅವು ಉರಿಯೂತ ತಗ್ಗಿಸುತ್ತವೆ ಎಂದು ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ತೊಟ್ಟಿಯ ನೀರು ತುಂಬ ಬಿಸಿಯಾದರೆ ಪಾಚಿ ಸಾಯುತ್ತದೆ, ತಣ್ಣಗಾದರೆ ಬೇರೆ ಜಾತಿಯವು ಸೇರಿಕೊಳ್ಳುತ್ತವೆ. ಬೆಳಕು ಬೀಳದ ಮುಚ್ಚಿದ ತೊಟ್ಟಿಯಲ್ಲಿ ಮಾಗುವುದೇ ಇಲ್ಲ.

ಚಿಕಿತ್ಸೆ ಬೆಳಗಿನ ಜಾವ, ಖಾಲಿ ಹೊಟ್ಟೆಯಲ್ಲಿ. ಮಂಚದ ಮೇಲೆ ದಪ್ಪ ಬಟ್ಟೆ ಹಾಸಿ, ಅದರ ಮೇಲೆ ಮಣ್ಣು ಹರಡಿ, ರೋಗಿಯನ್ನು ಅಂಗಾತ ಮಲಗಿಸುತ್ತಾರೆ. ಕೀಲುಗಳ ಮೇಲೂ ಮಣ್ಣು ಹಾಕುತ್ತಾರೆ, ಹೃದಯದ ಭಾಗ ಬಿಡುತ್ತಾರೆ. ಚರ್ಮಕ್ಕೆ ತಾಗುವಾಗ ಸುಮಾರು 40–42 ಡಿಗ್ರಿ. ಬಟ್ಟೆ, ಕಂಬಳಿ ಸುತ್ತಿ 15–20 ನಿಮಿಷ. ತೊಳೆದ ಮೇಲೆ 36–38 ಡಿಗ್ರಿಯ ಖನಿಜ ನೀರಿನ ತೊಟ್ಟಿಯಲ್ಲಿ ಸ್ವಲ್ಪ ಹೊತ್ತು, ಆಮೇಲೆ ಬೆಚ್ಚಗೆ ಸುತ್ತಿಕೊಂಡು ಮಲಗಿ ಬೆವರುವುದು. ಕೊನೆಗೆ ಮಾಲೀಶು. ಹೀಗೆ 12 ಸಲಕ್ಕೆ ಒಂದು ಸುತ್ತು. ವೈದ್ಯರ ಚೀಟಿ ಇದ್ದರೆ ವರ್ಷಕ್ಕೆ ಒಂದು ಸುತ್ತಿನ ವೆಚ್ಚದ ಬಹುಪಾಲನ್ನು ಇಟಲಿಯ ಸರ್ಕಾರಿ ಆರೋಗ್ಯ ವ್ಯವಸ್ಥೆಯೇ ಕೊಡುತ್ತದೆ. ಅಲ್ಲಿ ಇದು ಐಷಾರಾಮವಲ್ಲ, ಮಂಡಿನೋವಿನ ಅಜ್ಜ-ಅಜ್ಜಿಯರ ವಾರ್ಷಿಕ ಕೆಲಸ.

ಜೌಗುನೆಲ

ಬಿಸಿನೀರ ಬುಗ್ಗೆಯೇ ಇಲ್ಲದ ಊರುಗಳ ಕಥೆ ಬೇರೆ. ಫ್ರಾಂಟಿಷ್ಕೊವಿ ಲಾಜ್ನಿ, ಹಳೆಯ ಹೆಸರು ಫ್ರಾಂಜೆನ್ಸ್‌ಬಾಡ್, 1793ರಲ್ಲಿ ಸ್ಥಾಪನೆಯಾದ ಊರು. ಅಲ್ಲಿನ ಬುಗ್ಗೆಗಳು ತಣ್ಣನೆಯವು. ಆದರೆ ಸುತ್ತಮುತ್ತ ಜೌಗು, ಅದರಲ್ಲಿ ಪೀಟ್. ಸಸ್ಯಗಳು ಸತ್ತು, ಗಾಳಿ ಸಿಗದೆ, ಪೂರ್ತಿ ಕೊಳೆಯಲಾರದೆ ಉಳಿದು ಆದ ಕಪ್ಪು-ಕಂದು ಮಣ್ಣು ಅದು. 19ನೇ ಶತಮಾನದ ಮೊದಲರ್ಧದಲ್ಲಿ ಅಲ್ಲಿ ಪೀಟ್ ಸ್ನಾನ ಶುರುವಾಯಿತು. ಬವೇರಿಯಾದ ಬಾಡ್ ಐಬ್ಲಿಂಗ್‌ನಲ್ಲಿ 1845ರಲ್ಲಿ ಡೆಸಿಡೇರಿಯಸ್ ಬೆಕ್ ಎಂಬ ವೈದ್ಯ ಇದನ್ನೇ ತಂದ.

ಫ್ರಾಂಜೆನ್ಸ್‌ಬಾಡಿನ ಪೀಟ್‌ನಲ್ಲಿ ಕಬ್ಬಿಣ ಮತ್ತು ಗಂಧಕ ಹೇರಳ. ಅದನ್ನು ಅಗೆದು ರಾಶಿ ಹಾಕಿ, ಮಳೆ-ಹಿಮಕ್ಕೆ ಬಿಟ್ಟು ತಿಂಗಳುಗಟ್ಟಲೆ ಕಾಯುತ್ತಿದ್ದರು. ಗಾಳಿ ತಾಗಿದಾಗ ಕಬ್ಬಿಣದ ಸಲ್ಫೈಡು ಸಲ್ಫೇಟಾಗುತ್ತದೆ, ಜೊತೆಗೆ ಸ್ವಲ್ಪ ಗಂಧಕಾಮ್ಲವೂ ಹುಟ್ಟುತ್ತದೆ. ಹಳೆಯ ಚಿತ್ರಗಳಲ್ಲಿ ಕಾಣುವ ತೊಟ್ಟಿಗಳು ಮರದವೇ ಆಗಿರುವುದು ಇದಕ್ಕೇ: ಆಮ್ಲ ಲೋಹವನ್ನು ತಿನ್ನುತ್ತದೆ, ಮರ ಹಾಳಾಗುವುದಿಲ್ಲ, ಬಿಸಿಯನ್ನೂ ಹಿಡಿದಿಡುತ್ತದೆ. ತೊಟ್ಟಿಗೆ ಗಾಲಿ ಇರುತ್ತಿತ್ತು. ಪೀಟನ್ನು ಜರಡಿ ಹಿಡಿದು ಬೇರು, ಕಡ್ಡಿ ತೆಗೆದು, ಅರೆದು, ಬಿಸಿ ಖನಿಜ ನೀರು ಮತ್ತು ಉಗಿಯಲ್ಲಿ ಕಲಸುವ ಕೋಣೆ ಒಂದು ಕಡೆ, ಸ್ನಾನದ ಕೋಣೆ ಇನ್ನೊಂದು ಕಡೆ. ತುಂಬಿದ ತೊಟ್ಟಿಯನ್ನೇ ಉರುಳಿಸಿಕೊಂಡು ಬರುತ್ತಿದ್ದರು, ಏಕೆಂದರೆ ಅಷ್ಟು ಮಂದವಾದದ್ದು ಕೊಳವೆಯಲ್ಲಿ ಇಳಿಯುತ್ತಿರಲಿಲ್ಲ.

ಬಿಸಿಯ ಲೆಕ್ಕವನ್ನು ಎಲ್ಲರೂ ತಪ್ಪು ಹೇಳುತ್ತಾರೆ. "ಮಣ್ಣು ಹೆಚ್ಚು ಶಾಖ ಹಿಡಿಯುತ್ತದೆ" ಎನ್ನುತ್ತಾರೆ. ಇಲ್ಲ. ಪೀಟ್ ಕೆಸರಿನ ಹೆಚ್ಚಿನ ಪಾಲು ನೀರೇ, ಶಾಖ ಹಿಡಿಯುವ ಶಕ್ತಿಯಲ್ಲಿ ಅದು ನೀರನ್ನು ಮೀರುವುದಿಲ್ಲ. ವ್ಯತ್ಯಾಸ ಇರುವುದು ಮಂದತೆಯಲ್ಲಿ. 42 ಡಿಗ್ರಿ ನೀರಿಗಿಳಿದರೆ, ಚರ್ಮದ ಪಕ್ಕದ ನೀರು ತಣಿಯುತ್ತಿದ್ದ ಹಾಗೇ ಸರಿದು ಹೋಗಿ ಹೊಸ ಬಿಸಿನೀರು ಆ ಜಾಗಕ್ಕೆ ಬರುತ್ತದೆ, ಅದಕ್ಕೇ ಚುರುಗುಟ್ಟುತ್ತದೆ. ಮಂದ ಕೆಸರಿನಲ್ಲಿ ಆ ಹರಿದಾಟ ಇಲ್ಲ. ಚರ್ಮದ ಪಕ್ಕದ ತೆಳು ಪದರ ಮೈಯ ಉಷ್ಣಾಂಶದ ಹತ್ತಿರಕ್ಕೆ ಬಂದು ಅಲ್ಲೇ ನಿಲ್ಲುತ್ತದೆ, ಹಿಂದಿನ ಬಿಸಿ ಅದರ ಮೂಲಕ ನಿಧಾನವಾಗಿ ಬರುತ್ತದೆ. ಆದ್ದರಿಂದ 42 ಡಿಗ್ರಿಯಲ್ಲಿ 20 ನಿಮಿಷ ಆರಾಮಾಗಿ ಕೂರಬಹುದು, ಮೈಯೊಳಗಿನ ಉಷ್ಣಾಂಶ ಸುಮಾರು 1 ಡಿಗ್ರಿ ಏರಬಹುದು.

ಇಲ್ಲೇ ಅಪಾಯವೂ ಇರುವುದು. ಬಿಸಿ ಗೊತ್ತಾಗುವುದಿಲ್ಲ, ಏರುತ್ತಿರುತ್ತದೆ. ತೊಟ್ಟಿಯೊಳಗೆ ಕೈಕಾಲು ಆಡಿಸಿದರೆ ತಣಿದ ಪದರ ಒಡೆದು ಬಿಸಿ ಕೆಸರು ನೇರ ತಾಗುತ್ತದೆ. "ಅಲ್ಲಾಡಬೇಡಿ" ಎಂದು ಅಲ್ಲಿನವರು ಹೇಳುವುದು ಶಿಸ್ತಿಗಲ್ಲ.

ಇನ್ನೊಂದು, ಫ್ರಾಂಜೆನ್ಸ್‌ಬಾಡಿನ ಖ್ಯಾತಿ ಕೀಲುನೋವಿಗಿಂತ ಹೆಚ್ಚಾಗಿ ಬಂಜೆತನದ ಚಿಕಿತ್ಸೆಗೆ. ಮೀನು ಹಿಡಿದು ಕೂತ ಪುಟ್ಟ ಹುಡುಗನ ಕಂಚಿನ ಪ್ರತಿಮೆಯೊಂದಿದೆ, ಮುಟ್ಟಿದರೆ ಮಕ್ಕಳಾಗುತ್ತವೆ ಎಂಬ ನಂಬಿಕೆ. ಅಶ್ವತ್ಥಕಟ್ಟೆ ಸುತ್ತುವ ನಮಗೆ ಇದನ್ನು ವಿವರಿಸಬೇಕಿಲ್ಲ. 2021ರಲ್ಲಿ ಯುನೆಸ್ಕೊ ಯುರೋಪಿನ 11 ಸ್ಪಾ ಊರುಗಳನ್ನು ಒಟ್ಟಾಗಿ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದಾಗ ಇದೂ ಅದರಲ್ಲಿತ್ತು.

ಹಾದಿಬದಿ

ಬಳಸಿದ ಪೀಟ್ ಏನಾಗುತ್ತದೆ ಸರ್? ಇನ್ನೊಬ್ಬರಿಗೆ ಅದನ್ನೇ ಹಾಕುತ್ತಾರಾ?

ಜೌಗುನೆಲ

ಇಲ್ಲ. ಜೌಗಿಗೇ ಮರಳಿಸಿ, ವರ್ಷಗಟ್ಟಲೆ ಮುಟ್ಟದೆ ಬಿಡುವುದು ರೂಢಿ. ಪೀಟ್ ಪದರ ವರ್ಷಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. 1 ಮೀಟರ್ ಅಗೆದರೆ ಸಾವಿರ ವರ್ಷ ಅಗೆದ ಹಾಗೆ. ಎಷ್ಟೋ ಕಡೆ ಇಡೀ ತೊಟ್ಟಿಯ ಬದಲು ನೋವಿರುವ ಜಾಗಕ್ಕಷ್ಟೇ ಪೀಟ್ ಹಚ್ಚುವ ಪದ್ಧತಿ ಬಂದದ್ದರಲ್ಲಿ ಈ ಮಿತವ್ಯಯದ ಪಾಲೂ ಇದೆ.

ಉಪ್ಪುಕೆರೆ

ಮೂರನೆಯ ಬಗೆಯನ್ನು ಯಾರೂ ಹೇಳಲಿಲ್ಲ: ಸಮುದ್ರದ, ಉಪ್ಪುಕೆರೆಯ ಕಪ್ಪು ಕೆಸರು. ಎಸ್ಟೋನಿಯಾದ ಹಾಪ್ಸಲು ಊರಿನಲ್ಲಿ ಜನ ಕೀಲುನೋವಿಗೆ ಸಮುದ್ರದ ಕೆಸರು ಹಚ್ಚಿಕೊಳ್ಳುವುದನ್ನು ಗಮನಿಸಿ, ಕಾರ್ಲ್ ಅಬ್ರಹಾಂ ಹುನ್ನಿಯುಸ್ ಎಂಬ ಸೇನಾ ವೈದ್ಯ 1825ರಲ್ಲಿ ಕೆಸರು ಸ್ನಾನಗೃಹ ತೆರೆದ. ಸೇಂಟ್ ಪೀಟರ್ಸ್‌ಬರ್ಗಿನ ಸಿರಿವಂತರು ಬೇಸಿಗೆಗೆ ಅಲ್ಲಿಗೆ ಬರತೊಡಗಿದರು. 1867ರಲ್ಲಿ ಸಂಗೀತಗಾರ ಚೈಕೋವ್ಸ್ಕಿಯೂ ಬಂದಿದ್ದ. 1833ರಲ್ಲಿ ಒಡೆಸ್ಸಾದ ಬಳಿಯ ಕುಯಾಲ್ನಿಕ್ ಉಪ್ಪುನೀರ ಹಿನ್ನೀರಿನಲ್ಲಿ ಎರಾಸ್ಟ್ ಆಂಡ್ರಿಯೆವ್ಸ್ಕಿ ಎಂಬ ವೈದ್ಯ ಇನ್ನೊಂದು ತೆರೆದ. ಕ್ರಿಮಿಯಾದ ಸಾಕಿಯಲ್ಲಿ ಅದಕ್ಕೂ ಮೊದಲೇ ಶುರುವಾಗಿತ್ತು, 1835ರಲ್ಲಿ ಲೇಖಕ ಗೊಗೋಲ್ ಅಲ್ಲಿ ಚಿಕಿತ್ಸೆ ತೆಗೆದುಕೊಂಡ.

ಸಾಕಿ, ಒಡೆಸ್ಸಾ ಕಡೆಯ ಹಳೆಯ ವಿಧಾನ ಬಿಸಿಲಿನದು. ಕೆರೆಯಿಂದ ತಂದ ಕೆಸರನ್ನು ಬೆಳಿಗ್ಗೆ ಬಯಲಿನ ಜಗುಲಿಯ ಮೇಲೆ ಹರಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅದು ಬಿಸಿಯಾದ ಮೇಲೆ ರೋಗಿಯನ್ನು ಅದರಲ್ಲಿ ಮಲಗಿಸಿ, ಮೇಲೂ ಕೆಸರು ಹೊದಿಸಿ, ಮುಖಕ್ಕೆ ನೆರಳು ಮಾಡುತ್ತಿದ್ದರು. ಆಮೇಲೆ ಕೆರೆಯ ಉಪ್ಪುನೀರಿನಲ್ಲೇ ತೊಳೆದು, ಕಂಬಳಿ ಸುತ್ತಿ ಬೆವರಿಸುವುದು. ಮೋಡ ಕವಿದರೆ ಅವತ್ತು ರಜೆ. ಉಗಿಯಲ್ಲಿ ಕಾಯಿಸುವ ವ್ಯವಸ್ಥೆ ಬಂದ ಮೇಲೆಯೇ ಇದು ವರ್ಷವಿಡೀ ನಡೆಯುವ ಚಿಕಿತ್ಸೆಯಾದದ್ದು. ಕ್ರಾಂತಿಯಾದ ಮೇಲೆ, 1920ರ ಕೊನೆಗೆ, ಕ್ರಿಮಿಯಾದ ಅರಮನೆ-ಬಂಗಲೆಗಳನ್ನು ದುಡಿಯುವ ಜನರ ಚಿಕಿತ್ಸೆಗೆ ಬಳಸಬೇಕೆಂದು ಲೆನಿನ್ ಸರ್ಕಾರ ಆಜ್ಞೆ ಹೊರಡಿಸಿತು. ಸಿರಿವಂತರ ಕೆಸರು ಕಾರ್ಖಾನೆ ಕೂಲಿಗೂ ಸಿಕ್ಕಿತು.

ಈ ಕೆಸರಿನ ಗುಣ ನೋಡಲು ಲ್ಯಾಬ್ ಬೇಕಿಲ್ಲ, ಕಣ್ಣು-ಮೂಗು ಸಾಕು. ಒಳ್ಳೆಯದಾದರೆ ಕಡುಗಪ್ಪು, ಬೆಣ್ಣೆಯಷ್ಟು ನುಣುಪು, ಕೊಳೆತ ಮೊಟ್ಟೆಯ ವಾಸನೆ. ಕಪ್ಪು ಬಣ್ಣ ಬರುವುದು ಕಬ್ಬಿಣದ ಸಲ್ಫೈಡಿನಿಂದ. ಗಾಳಿಯಿಲ್ಲದ ಉಪ್ಪುನೀರಿನ ತಳದಲ್ಲಿ ಸಲ್ಫೇಟನ್ನು ಬಳಸಿ ಬದುಕುವ ಬ್ಯಾಕ್ಟೀರಿಯಾ ಅದನ್ನು ತಯಾರಿಸುತ್ತದೆ. ಗಾಳಿಗೆ ಬಿಟ್ಟರೆ ಮೇಲ್ಪದರ ಬೂದುಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಸಂಗ್ರಹದ ತೊಟ್ಟಿಯಲ್ಲಿ ಕೆಸರಿನ ಮೇಲೆ ಯಾವಾಗಲೂ ಉಪ್ಪುನೀರು ನಿಂತಿರಬೇಕು. ಸಿಹಿನೀರು ಹಾಕಿದರೆ ಲವಣದ ಪ್ರಮಾಣ ಬಿದ್ದು ಬ್ಯಾಕ್ಟೀರಿಯಾದ ಸಮತೋಲ ಕೆಡುತ್ತದೆ. ಬಳಸಿದ ಕೆಸರನ್ನು ಹೀಗೇ ಉಪ್ಪುನೀರಿನಡಿ ತಿಂಗಳುಗಟ್ಟಲೆ ಇಟ್ಟರೆ ಮತ್ತೆ ಕಪ್ಪಾಗುತ್ತದೆ. ಮುಚ್ಚಿದ ಕೋಣೆಯಲ್ಲಿ ತೊಟ್ಟಿ ತೆರೆಯುವಾಗ ಗಾಳಿಯಾಡಲು ಬಿಡಬೇಕು, ಆ ವಾಸನೆಯ ಅನಿಲ ಹೆಚ್ಚಾದರೆ ವಿಷ. ವಾಸನೆ ಇದ್ದಕ್ಕಿದ್ದಂತೆ ನಿಂತುಹೋದರೆ ಕೋಣೆ ಶುದ್ಧವಾಯಿತು ಎಂದುಕೊಳ್ಳಬಾರದು, ಮೂಗು ಮರಗಟ್ಟಿರಬಹುದು.

ಬಿಸಿಬುಗ್ಗೆ

ಉಪ್ಪುಕೆರೆಯವರ ಬಿಸಿಲ ಜಗುಲಿ ಓದಿದಾಗ ಪ್ಲಿನಿಯ ಮಾತು ಸರಿಯಾಗಿ ಅರ್ಥವಾಗುತ್ತದೆ. ಬುಗ್ಗೆಯ ಕಾವು, ಉಗಿಯ ಕಾವು, ಬಿಸಿಲ ಕಾವು ಎಂದು ದಾರಿ ಮೂರಾದರೂ ಉದ್ದೇಶ ಒಂದೇ, ಮೈಗೆ ಶಾಖ ಕೊಡುವುದು. ಪಿಯೆಷ್ಟ್ಯಾನಿಯಲ್ಲೂ ಅಷ್ಟೇ: ವಾಹ್ ನದಿಯ ಕವಲಿನ ಗಂಧಕದ ಕೆಸರು, 67–69 ಡಿಗ್ರಿ ನೀರು. ಊರುಗೋಲನ್ನು ಮಂಡಿಗೆ ಒತ್ತಿ ಮುರಿಯುವ ಮನುಷ್ಯನೇ ಆ ಊರಿನ ಲಾಂಛನ. ಫ್ರಾನ್ಸಿನ ದಾಕ್ಸ್‌ನವರು ರೋಮನ್ ಸೈನಿಕನ ನಾಯಿಯೊಂದು ಅದೂರ್ ನದಿಯ ಕೆಸರಲ್ಲಿ ಬಿದ್ದು ಗುಣವಾಯಿತು ಎನ್ನುತ್ತಾರೆ. ನಾಯಿಯನ್ನು ಬಿಡಿ, ಅಲ್ಲಿ 18 ದಿನದ ಚಿಕಿತ್ಸೆಗೆ ಸರ್ಕಾರಿ ವಿಮೆ ಸಿಗುತ್ತದೆ.

ಹಾಗಿದ್ದರೆ ನಮ್ಮ ತಣ್ಣನೆ ಮಣ್ಣು ಎಲ್ಲಿಂದ ಬಂತು?

ಮಣ್ಣಿನಪಟ್ಟಿ

ಅದೂ ಬಹುಮಟ್ಟಿಗೆ ಜರ್ಮನಿಯಿಂದಲೇ. ಆದರೆ ಸ್ಪಾ ಊರುಗಳಿಂದಲ್ಲ, ಸ್ಪಾ ವೈದ್ಯರನ್ನೂ ಔಷಧಿಯನ್ನೂ ಒಲ್ಲದವರಿಂದ.

ಆಡಾಲ್ಫ್ ಯುಸ್ಟ್ ಎಂಬಾತ 1896ರಲ್ಲಿ ಹಾರ್ಟ್ಸ್ ಬೆಟ್ಟಸೀಮೆಯಲ್ಲಿ ಯುಂಗ್‌ಬಾರ್ನ್ ಎಂಬ ಪ್ರಕೃತಿ ಚಿಕಿತ್ಸಾ ತಾಣ ತೆರೆದ. ಬರಿಮೈಗೆ ಗಾಳಿ-ಬೆಳಕು, ನೆಲದ ಮೇಲೆ ಮಲಗುವುದು, ಹಣ್ಣು-ಕಾಯಿ, ತಣ್ಣೀರು, ತಣ್ಣನೆ ಮಣ್ಣಿನ ಪಟ್ಟಿ. (1912ರ ಜುಲೈನಲ್ಲಿ ಫ್ರಾಂಜ್ ಕಾಫ್ಕಾ ಅಲ್ಲಿ ಕೆಲವು ವಾರ ಇದ್ದ. ಬೆತ್ತಲೆ ಅತಿಥಿಗಳ ನಡುವೆ ಅವನಿಗೆ ಮುಜುಗರವಾಗಿತ್ತಂತೆ.) ಅದೇ ಕಾಲಕ್ಕೆ ಎಮಾನ್ಯುಯೆಲ್ ಫೆಲ್ಕೆ ಎಂಬ ಪಾದ್ರಿ ನೆಲದಲ್ಲಿ ಗುಂಡಿ ತೋಡಿ, ಜೇಡಿ-ನೀರು ಕಲಸಿ, ಜನರನ್ನು ಬಯಲಲ್ಲೇ ಅದರಲ್ಲಿ ಕೂರಿಸುತ್ತಿದ್ದ. ಅವನಿಗೆ 'ಜೇಡಿಮಣ್ಣಿನ ಪಾದ್ರಿ' ಎಂದೇ ಅಡ್ಡಹೆಸರು. ಬಾಡ್ ಸೋಬರ್ನ್‌ಹೈಮ್‌ನಲ್ಲಿ ಆ ಗುಂಡಿ ಸ್ನಾನ ಇಂದಿಗೂ ಇದೆ.

ಯುಸ್ಟ್‌ನ ಪುಸ್ತಕ ದಕ್ಷಿಣ ಆಫ್ರಿಕಾದಲ್ಲಿದ್ದ ಗಾಂಧೀಜಿಯ ಕೈಗೆ ಸಿಕ್ಕಿತು. ಮಲಬದ್ಧತೆಗೆ ಅವರು ಮಾಡಿದ್ದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ: ಶುದ್ಧ ಮಣ್ಣನ್ನು ತಣ್ಣೀರಲ್ಲಿ ಕಲಸಿ, ತೆಳು ಬಟ್ಟೆಯ ಮೇಲೆ ಹರಡಿ, ಮಲಗುವಾಗ ಹೊಟ್ಟೆಗೆ ಕಟ್ಟಿಕೊಂಡು, ರಾತ್ರಿ ಎಚ್ಚರವಾದಾಗಲೋ ಬೆಳಿಗ್ಗೆಯೋ ತೆಗೆಯುವುದು. 1942ರಲ್ಲಿ ಆಗಾ ಖಾನ್ ಅರಮನೆಯ ಸೆರೆಯಲ್ಲಿ ಬರೆದ ಆರೋಗ್ಯದ ಹೊತ್ತಗೆಯಲ್ಲಿ ಪಟ್ಟಿಯ ಅಳತೆಯನ್ನೂ ಕೊಟ್ಟರು: 6 ಅಂಗುಲ ಉದ್ದ, 3 ಅಂಗುಲ ಅಗಲ, ಅರ್ಧ ಅಂಗುಲ ದಪ್ಪ. ಗೊಬ್ಬರ ಹಾಕಿದ ಮಣ್ಣು ಬೇಡ, ಸಣ್ಣ ಜರಡಿ ಹಿಡಿಯಿರಿ, ಶುದ್ಧತೆಯ ಬಗ್ಗೆ ಅನುಮಾನವಿದ್ದರೆ ಚೆನ್ನಾಗಿ ಕಾಯಿಸಿ ಬಳಸಿ ಎಂದರು. ಪುಣೆಯಲ್ಲಿ ಡಾ. ದಿನ್‌ಶಾ ಮೆಹ್ತಾ ನಡೆಸುತ್ತಿದ್ದ ಪ್ರಕೃತಿ ಚಿಕಿತ್ಸಾಲಯದಲ್ಲಿ ಗಾಂಧೀಜಿ ಹಲವು ಸಲ ಇದ್ದರು. 1946ರಲ್ಲಿ ಪುಣೆ ಬಳಿಯ ಉರುಳಿ ಕಾಂಚನ್‌ನಲ್ಲಿ ಹಳ್ಳಿಯ ಬಡವರಿಗಾಗಿ ಪ್ರಕೃತಿ ಚಿಕಿತ್ಸಾ ಆಶ್ರಮ ಶುರುವಾಯಿತು. ನಮ್ಮ ಉಜಿರೆ, ಧರ್ಮಸ್ಥಳ, ಬೆಂಗಳೂರು ಕಡೆಯ ಚಿಕಿತ್ಸಾಲಯಗಳ ಮಣ್ಣಿನ ಪಟ್ಟಿ ಈ ಸಾಲಿನದು. ಮಣ್ಣು ಹಚ್ಚುವ ಮನೆಮದ್ದು ನಮ್ಮಲ್ಲಿ ಮೊದಲಿಂದಲೂ ಇದೆ. ಆದರೆ ಅಳತೆ-ಹೊತ್ತು ನಿಗದಿಯಾದ ಆಸ್ಪತ್ರೆಯ ಪಟ್ಟಿ 20ನೇ ಶತಮಾನದ್ದು.

ಇಲ್ಲಿ ಉದ್ದೇಶ ತದ್ವಿರುದ್ಧ. ಆಬಾನೊದಲ್ಲಿ ಮೈಗೆ ಶಾಖ ಕೊಡುತ್ತಾರೆ, ನಾವು ಶಾಖ ತೆಗೆಯುತ್ತೇವೆ.

ಪಟ್ಟಿಯ ಕ್ರಮ: 3–4 ಅಡಿ ಆಳದ ಮಣ್ಣು ತೆಗೆದು, ಬಿಸಿಲಲ್ಲಿ ಕೆಲವು ದಿನ ಒಣಗಿಸಿ, ಕುಟ್ಟಿ, ಜರಡಿ ಹಿಡಿಯಬೇಕು. ಹಿಂದಿನ ರಾತ್ರಿ 8–12 ಗಂಟೆ ನೆನೆಸಬೇಕು. ಅವಸರದಲ್ಲಿ ಕಲಸಿದರೆ ಹೆಂಟೆಯ ಒಳಗೆ ನೀರು ಇಳಿದಿರುವುದಿಲ್ಲ, ಪಟ್ಟಿ ಮೈಮೇಲಿರುವಾಗಲೇ ಗಂಟು ನೀರು ಹೀರಿಕೊಂಡು ಸುತ್ತಲಿನ ಮಣ್ಣು ಬಿರುಕು ಬಿಡುತ್ತದೆ. ಒದ್ದೆ ಬಟ್ಟೆಯ ಮೇಲೆ 10×6 ಅಂಗುಲ, 1 ಅಂಗುಲ ದಪ್ಪ. ಬಟ್ಟೆ ಎತ್ತಿ ಓರೆ ಮಾಡಿದಾಗ ಅಂಚಿನಿಂದ ನೀರು ಸೋರಬಾರದು, ಮಣ್ಣು ಜಾರಲೂ ಬಾರದು. ಊಟವಾಗಿ ಕನಿಷ್ಠ 2 ಗಂಟೆ ಕಳೆದಿರಬೇಕು, ಖಾಲಿ ಹೊಟ್ಟೆಯಾದರೆ ಇನ್ನೂ ಒಳ್ಳೆಯದು. ಹೊಕ್ಕುಳಿನ ಸುತ್ತ 20–30 ನಿಮಿಷ. ಚಳಿಗಾಲವಾದರೆ ಮೇಲೆ ಉಣ್ಣೆ ಬಟ್ಟೆ. ಪಟ್ಟಿ ಬೆಚ್ಚಗಾಯಿತೆಂದರೆ ಅದರ ಕೆಲಸ ಮುಗಿದಂತೆ, ಅಲ್ಲಿಂದ ಮುಂದೆ ಇಟ್ಟರೆ ಪ್ರಯೋಜನವಿಲ್ಲ.

ಎರೆಹೊಲ

ಮಣ್ಣು ಯಾವುದು ಅನ್ನುವುದನ್ನು ಎಲ್ಲರೂ ಒಂದು ಸಾಲಲ್ಲಿ ಮುಗಿಸುತ್ತಾರೆ. ಎಡವಟ್ಟಾಗುವುದು ಅಲ್ಲೇ.

ಎರೆಮಣ್ಣಿನಲ್ಲಿ ಉಬ್ಬುವ ಜಾತಿಯ ಜೇಡಿ ಇದೆ. ನೀರು ತುಂಬ ಹಿಡಿಯುತ್ತದೆ, ಹೆಚ್ಚು ಹೊತ್ತು ತಣ್ಣಗಿರುತ್ತದೆ, ಪಟ್ಟಿಗೆ ಒಳ್ಳೆಯದು. ಆದರೆ ಇಡೀ ಮೈಗೆ ಬಳಿದು ಒಣಗಲು ಬಿಟ್ಟರೆ ಕುಗ್ಗಿ ಬಿರಿಯುತ್ತದೆ, ರೋಮ ಹಿಡಿದೆಳೆಯುತ್ತದೆ. ಕೆಮ್ಮಣ್ಣು ಕಡಿಮೆ ನೀರು ಹಿಡಿಯುತ್ತದೆ, ಕಡಿಮೆ ಕುಗ್ಗುತ್ತದೆ, ಆದರೆ ಮರಳು ಜಾಸ್ತಿ ಇದ್ದರೆ ಚರ್ಮ ಗೀರುತ್ತದೆ. ಹುತ್ತದ ಮಣ್ಣಿಗೆ ಬೇಡಿಕೆ ಇರುವುದಕ್ಕೆ ಕಾರಣ ಇಷ್ಟೇ: ಗೆದ್ದಲು ಆಳದಿಂದ ಸಣ್ಣ ಕಣಗಳನ್ನೇ ಆರಿಸಿ ತಂದು ಎಂಜಲಲ್ಲಿ ಅಂಟಿಸಿರುತ್ತದೆ, ಕಲ್ಲು-ಹರಳು ಇರುವುದಿಲ್ಲ. ಹಾಗಂತ ಪೂಜೆಗೊಳ್ಳುವ ಹುತ್ತಕ್ಕೆ ಗುದ್ದಲಿ ಹಾಕಿ ಊರವರ ಕೈಲಿ ಬೈಸಿಕೊಳ್ಳಬೇಡಿ. ಅರಿಶಿನ-ಕುಂಕುಮ, ಹಾಲು ಬಿದ್ದ ಮಣ್ಣು ಚಿಕಿತ್ಸೆಗೂ ಬರುವುದಿಲ್ಲ. ಒಳಗೆ ಹಾವು ಇರಬಹುದು ಎಂಬುದು ಬೇರೆ ಮಾತು.

ಪರೀಕ್ಷೆ ಸುಲಭ. ಉದ್ದನೆಯ ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಚೆನ್ನಾಗಿ ಕುಲುಕಿ ಇಡಿ. ಮರಳು 1 ನಿಮಿಷದಲ್ಲಿ ತಳ ಸೇರುತ್ತದೆ, ಅಲ್ಲಿಗೆ ಗೆರೆ ಹಾಕಿ. ಸುಮಾರು 2 ಗಂಟೆಗೆ ಗೋಡಿನ ಪದರ, ಇನ್ನೊಂದು ಗೆರೆ. ಜೇಡಿ ಕೂರಲು ಒಂದು ದಿನ ಅಥವಾ ಹೆಚ್ಚು ಬೇಕು. ಮರಳಿನ ಪದರ ಒಟ್ಟಿನ ಕಾಲು ಭಾಗ ಮೀರಿದರೆ ಆ ಮಣ್ಣು ಬಿಡಿ.

ಹತ್ತಿ, ಮೆಣಸಿನಕಾಯಿ ಹೊಲದ ಮಣ್ಣು ಬೇಡವೇ ಬೇಡ, ಕೀಟನಾಶಕ. ರಸ್ತೆ ಬದಿಯದು, ಇಟ್ಟಿಗೆ ಗೂಡಿನ ಪಕ್ಕದ್ದು, ಕಾರ್ಖಾನೆ ನೀರು ಹರಿಯುವ ಕೆರೆಯ ಹೂಳು ಕೂಡ ಬೇಡ. "ಬಿಸಿಲಲ್ಲಿ ಒಣಗಿಸಿದರೆ ಎಲ್ಲ ಹೋಗುತ್ತೆ" ಎನ್ನುವವರಿಗೆ: ಸೀಸ, ಆರ್ಸೆನಿಕ್ ಬಿಸಿಲಿಗೆ ಹೋಗುವುದಿಲ್ಲ. ಧನುರ್ವಾಯುವಿನ ಬೀಜಕಣಗಳು ಕುದಿಯುವ ನೀರನ್ನೂ ತಾಳುತ್ತವೆ. ಹಾಗಾಗಿ ಗಾಯ, ಬಿರಿದ ಹಿಮ್ಮಡಿ, ಆಗ ತಾನೇ ಕ್ಷೌರ ಮಾಡಿದ ಚರ್ಮ ಇದ್ದರೆ ಮಣ್ಣು ಹಚ್ಚುವಂತಿಲ್ಲ.

ಹಾದಿಬದಿ

ಹಾಗಾದರೆ ಇಡೀ ಮೈಗೆ ಮಣ್ಣು ಬಳಿದು ಬಿಸಿಲಲ್ಲಿ ನಿಲ್ಲಿಸುತ್ತಾರಲ್ಲ, ಅದು ಬಿಸಿ ಚಿಕಿತ್ಸೆಯೋ ತಂಪಿನದೋ?

ಮಣ್ಣಿನಪಟ್ಟಿ

ತಂಪಿನದೇ. ಬಿಸಿಲು ಬೇಕಾಗಿರುವುದು ಒಣಗಿಸಲು, ಜೊತೆಗೆ ಮನುಷ್ಯ ನಡುಗದ ಹಾಗೆ ನೋಡಿಕೊಳ್ಳಲು. ಲೆಕ್ಕ ಹಾಕಿ ನೋಡಿ. ದೊಡ್ಡವರ ಚರ್ಮ ಸುಮಾರು 1.7 ಚದರ ಮೀಟರ್. 3 ಮಿಲಿಮೀಟರ್ ಬಳಿದರೆ 5 ಲೀಟರ್, ಅಂದರೆ 7–8 ಕೆಜಿ ಹಸಿ ಮಣ್ಣು. ಅದರಲ್ಲಿನ 1 ಲೀಟರ್ ನೀರು ಆವಿಯಾಗಲು ಬೇಕಾಗುವ ಶಾಖ ಸುಮಾರು 2,400 ಕಿಲೋಜೂಲ್. ಸುಮ್ಮನೆ ಕೂತ ದೇಹ ಗಂಟೆಗೆ ಹುಟ್ಟಿಸುವುದು 350ರ ಆಸುಪಾಸು. ಕೊರತೆಯನ್ನು ಬಿಸಿಲು ಮತ್ತು ಬೆಚ್ಚನೆ ಗಾಳಿ ತುಂಬಬೇಕು. ಇದೇ ಕೆಲಸವನ್ನು ಏಸಿ ಕೋಣೆಯಲ್ಲಿ, ಫ್ಯಾನಿನ ಕೆಳಗೆ ಮಾಡಿದರೆ ಹತ್ತು ನಿಮಿಷಕ್ಕೆ ಹಲ್ಲು ಕಟಕಟ. ರೆಸಾರ್ಟ್‌ಗಳಲ್ಲಿ ಅತಿಥಿಗಳ ದೊಡ್ಡ ದೂರು ಇದೇ. ಆಬಾನೊ ಫೋಟೊ ನೋಡಿ ಒಳಾಂಗಣ ಕೋಣೆ ಕಟ್ಟಿಸುತ್ತಾರೆ, ಮಣ್ಣು ಮಾತ್ರ ಉರುಳಿ ಕಾಂಚನ್‌ದು.

ಬೆಳಿಗ್ಗೆ 8ರಿಂದ 10ರೊಳಗಿನ ಬಿಸಿಲು. ಮೊದಲು 1–2 ಲೋಟ ನೀರು, ತಲೆಗೆ ಒದ್ದೆ ಬಟ್ಟೆ. ಕಣ್ಣು, ತುಟಿ, ಗುಪ್ತಾಂಗ ಬಿಟ್ಟು ಬಳಿಯುವುದು. ಮಣ್ಣು ಇಡ್ಲಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ. 3 ಮಿಲಿಮೀಟರ್‌ಗಿಂತ ದಪ್ಪ ಬಳಿದರೆ ಮೇಲೆ ತೊಗಟೆಯಾಗಿ ಒಳಗೆ ಹಸಿಯೇ ಉಳಿಯುತ್ತದೆ. 45 ನಿಮಿಷ, ಹೆಚ್ಚೆಂದರೆ 1 ಗಂಟೆ. ತೆಗೆಯುವಾಗ ಒಣಮಣ್ಣನ್ನು ಉಜ್ಜಬಾರದು, ಮೊದಲು ನೀರು ಸುರಿದು 2–3 ನಿಮಿಷ ನೆನೆಯಲು ಬಿಟ್ಟು, ಅಂಗೈಯಿಂದ ಕೆಳಮುಖವಾಗಿ ಇಳಿಸಬೇಕು. ಸೋಪು ಬೇಡ.

ಅನುಮಾನಪ್ಪ

ಇಷ್ಟೆಲ್ಲ ಸರಿ, ಆದರೆ ಮಣ್ಣು "ದೇಹದ ವಿಷ ಹೀರುತ್ತದೆ" ಅಂತಾರಲ್ಲ? ಮತ್ತೆ ಆಬಾನೊ ಪಾಚಿ, ಹಾಪ್ಸಲು ಗಂಧಕ, ಇವೆಲ್ಲ ಚರ್ಮದೊಳಗೆ ಇಳಿಯುತ್ತವಾ? ನನ್ನ ಪ್ರಕಾರ ಬಿಸಿನೀರ ಚೀಲ ಇಟ್ಟರೂ ಅಷ್ಟೇ ಗುಣ.

ಬಿಸಿಬುಗ್ಗೆ

ವಿಷ ಹೀರುವ ಮಾತಿಗೆ ಆಧಾರವಿಲ್ಲ. ರಕ್ತದಿಂದ ಇಂಥ ವಸ್ತು ಇಷ್ಟು ಪ್ರಮಾಣದಲ್ಲಿ ಮಣ್ಣಿಗೆ ಬಂತು ಎಂದು ಅಳೆದು ತೋರಿಸದೆ ಹಾಗೆ ಹೇಳುವಂತಿಲ್ಲ. ಆ ಕೆಲಸಕ್ಕೆ ಯಕೃತ್ತು, ಮೂತ್ರಪಿಂಡ ಇವೆ.

ಬಿಸಿ ಮಣ್ಣಿನ ಮೇಲೆ ಪ್ರಯೋಗಗಳು ನಡೆದಿವೆ, ಹೆಚ್ಚಿನವು ಮಂಡಿ ಸವೆತದ ಮೇಲೆ. ನೋವು, ಬಿಗಿತ ಕೆಲವು ತಿಂಗಳ ಮಟ್ಟಿಗೆ ತಗ್ಗಿದ್ದನ್ನು ತೋರಿಸುತ್ತವೆ. ಆದರೆ ಬಹುಪಾಲು ಚಿಕ್ಕವು, ಮತ್ತು ಮೈಗೆ ಮಣ್ಣು ಬಿದ್ದಿದೆಯೋ ಇಲ್ಲವೋ ಎಂಬುದನ್ನು ರೋಗಿಯಿಂದ ಮುಚ್ಚಿಡಲಾಗದು, ಮಾತ್ರೆಯಲ್ಲಾದರೆ ಮುಚ್ಚಿಡಬಹುದು. ಶಾಖದ ಪಾಲು ಎಷ್ಟು, ಖನಿಜದ್ದೆಷ್ಟು, 12 ದಿನ ಕೆಲಸ ಬಿಟ್ಟು ಮಲಗಿದ್ದರ ಪಾಲು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಅನುಮಾನಪ್ಪನವರ ಬಿಸಿನೀರ ಚೀಲದ ವಾದ ತಳ್ಳಿಹಾಕುವಂಥದ್ದಲ್ಲ. ಆದರೆ ಚೀಲ ಒಂದು ಕಡೆ ಸುಡುತ್ತದೆ, ಇನ್ನೊಂದು ಕಡೆ ತಾಗುವುದೇ ಇಲ್ಲ. ಮಣ್ಣು ಬೆರಳ ಸಂದಿಗೂ ಕೂರುತ್ತದೆ. ಕೈಬೆರಳ ಕೀಲುಗಳಿಗೆ ಅದು ಸಣ್ಣ ಅನುಕೂಲವಲ್ಲ.

ಜೌಗುನೆಲ

ಬಿಸಿ ಮಣ್ಣು ಯಾರಿಗೆ ಬೇಡ ಎಂಬುದನ್ನೂ ಹಾಕಿಬಿಡುತ್ತೇನೆ: ಹೃದಯ ವೈಫಲ್ಯ, ಹಿಡಿತಕ್ಕೆ ಬಾರದ ಬಿಪಿ, ಜ್ವರ, ಕೀಲು ಕೆಂಪಾಗಿ ಊದಿ ಉರಿಯುತ್ತಿರುವ ಹಂತ, ಗರ್ಭಿಣಿಯರು, ರಕ್ತನಾಳ ಉಬ್ಬಿದ ಕಾಲು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗಂತೂ ಸುತರಾಂ ಬೇಡ, ಸುಟ್ಟರೂ ಗೊತ್ತಾಗದು. ಬಿಪಿ ಮಾತ್ರೆ ನುಂಗುವವರು ಎದ್ದ ತಕ್ಷಣ ತಲೆಸುತ್ತಿ ಬೀಳಬಹುದು, 5 ನಿಮಿಷ ಕೂರಿಸಿ ಆಮೇಲೆ ನಿಲ್ಲಿಸಬೇಕು.

ನೇರ ಒಲೆಯ ಮೇಲೆ ಮಣ್ಣು ಕಾಯಿಸಬಾರದು. ಮಂದ ಕೆಸರಿನಲ್ಲಿ ಹರಿದಾಟ ಇಲ್ಲವೆಂದು ಮೇಲೆ ಬರೆದೆನಲ್ಲ, ಪಾತ್ರೆಯಲ್ಲೂ ಅದೇ ಕಥೆ. ತಳ ಹೊತ್ತುತ್ತದೆ, ಮೇಲೆ ತಣ್ಣಗಿರುತ್ತದೆ, ನಡುವೆ ಅಲ್ಲಲ್ಲಿ ಸುಡುವ ಗಂಟು. ದೊಡ್ಡ ಪಾತ್ರೆಯ ಬಿಸಿನೀರಲ್ಲಿ ಚಿಕ್ಕ ಪಾತ್ರೆ ಇಟ್ಟು, ಮರದ ಹುಟ್ಟಿನಿಂದ ತಿರುವುತ್ತಿರಬೇಕು. ಉಷ್ಣಮಾಪಕವನ್ನು ಮೂರು ಕಡೆ, ಮೂರು ಆಳಕ್ಕೆ ಇಳಿಸಿ ನೋಡಿ. ಮೂರರ ನಡುವೆ 1 ಡಿಗ್ರಿಗಿಂತ ಹೆಚ್ಚು ಅಂತರವಿದ್ದರೆ ಇನ್ನೂ ತಿರುವಬೇಕು. ಕೈ ಅದ್ದಿ ನೋಡುವುದು ಲೆಕ್ಕಕ್ಕಿಲ್ಲ, ದಿನವಿಡೀ ಬಿಸಿ ಮಣ್ಣಲ್ಲಿ ಕೆಲಸ ಮಾಡುವವರ ಕೈಗೆ 46 ಡಿಗ್ರಿಯೂ ಉಗುರುಬೆಚ್ಚಗೆ.

ಹೋಂಸ್ಟೇ_ಮಲೆನಾಡು

ತುಂಬ ಉಪಯೋಗವಾಯಿತು. ಒಂದು ಪ್ರಶ್ನೆ: ತೊಳೆದ ನೀರು ಎಲ್ಲಿಗೆ ಬಿಡುವುದು? ಬಚ್ಚಲ ಪೈಪಿಗೆ ಮೂರು ಖಾನೆಯ ತೊಟ್ಟಿ ಕಟ್ಟಿಸಿದರೆ ಸಾಕಾ?

ಎರೆಹೊಲ

ಮರಳಿಗೆ ಸಾಕು, ಜೇಡಿಗೆ ಸಾಲದು. 2 ಮೈಕ್ರಾನ್ ಗಾತ್ರದ ಕಣ ನಿಂತ ನೀರಲ್ಲೇ 10 ಸೆಂಟಿಮೀಟರ್ ಇಳಿಯಲು ಸುಮಾರು 8 ಗಂಟೆ ತೆಗೆದುಕೊಳ್ಳುತ್ತದೆ. ನಿಮ್ಮ ಖಾನೆಗಳಲ್ಲಿ ನೀರು ನಿಲ್ಲುವುದು ಕೆಲವೇ ನಿಮಿಷ. ಜೇಡಿಯೆಲ್ಲ ಪೈಪಿಗೆ ಹೋಗಿ, ಇಳಿಜಾರು ಕಡಿಮೆ ಇರುವ ತಿರುವಿನಲ್ಲಿ ಕೂತು, ಬೇಸಿಗೆಯಲ್ಲಿ ಗಟ್ಟಿಯಾಗುತ್ತದೆ. ಶೌಚಗುಂಡಿಗೆ ಬಿಟ್ಟರೆ ಇಂಗುವ ಗೋಡೆಯ ರಂಧ್ರಗಳೇ ಮುಚ್ಚಿಹೋಗುತ್ತವೆ.

ಬಯಲಲ್ಲಿ ಕಲ್ಲು ಹಾಸಿ, ಮೊದಲ ಎರಡು-ಮೂರು ಬಕೆಟ್ ನೀರಿನ ಸ್ನಾನ ಅಲ್ಲೇ ಆಗುವಂತೆ ಮಾಡಿ. ಮುಕ್ಕಾಲು ಪಾಲು ಮಣ್ಣು ಅಷ್ಟರಲ್ಲಿ ಇಳಿದಿರುತ್ತದೆ. ಆ ನೀರನ್ನು 500 ಲೀಟರಿನ ಎರಡು ತೊಟ್ಟಿಗಳಿಗೆ ದಿನ ಬಿಟ್ಟು ದಿನ ತುಂಬಿಸಿ: ಇವತ್ತು ಒಂದು, ನಾಳೆ ಇನ್ನೊಂದು. ಒಂದು ಹಗಲು-ರಾತ್ರಿ ಕೂತ ಮೇಲೆ ಮೇಲಿನ ತಿಳಿಯನ್ನು ತೋಟಕ್ಕೆ ಬಿಡಿ, ತಳದ ಹೂಳನ್ನು ಬಾಳೆ ಬುಡಕ್ಕೆ ಹಾಕಿ. ಮಳೆಗಾಲದಲ್ಲಿ ತೊಟ್ಟಿಗೆ ಮುಚ್ಚಳ ಇರಲಿ, ಇಲ್ಲದಿದ್ದರೆ ತುಂಬಿ ಹರಿದು ಅಂಗಳವೆಲ್ಲ ಜಾರುತ್ತದೆ. ಒಬ್ಬರಿಗೆ ಬಳಸಿದ ಮಣ್ಣನ್ನು ಇನ್ನೊಬ್ಬರಿಗೆ ಬಳಿಯುವ ಯೋಚನೆ ಮಾತ್ರ ಬೇಡ, ಬಳಸಿದ ಮಣ್ಣನ್ನು ಮತ್ತೆ ಮಾಗಿಸಲು ಆಬಾನೊ ತೊಟ್ಟಿಯ ಬಿಸಿನೀರು ನಿಮ್ಮ ಹಿತ್ತಲಲ್ಲಿ ಇಲ್ಲ.